ಸೊಂಟದ ಕೀಲು ಬದಲಾವಣೆಯ ನಂತರ ಮನೆಯಲ್ಲಿ ಚೇತರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೊಂಟದ ಕೀಲು ಬದಲಾಯಿಸಿಕೊಂಡವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುವಾಗ ಅವರೂ ಅವರನ್ನು ನೋಡಿಕೊಳ್ಳುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ಕಾಗದ ಬರೆದು ಕೇಳಿದವರ ಪ್ರಶ್ನೆಗಳನ್ನೂ ಸೇರಿಸಿ, ಅವರ ಮಾತಿನಲ್ಲಿಯೇ ಇಲ್ಲಿ ಇಟ್ಟಿದ್ದೇನೆ. ಕೀಲು ಸವೆದದ್ದಕ್ಕಾಗಿ ಮೊದಲ ಬಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆದಿದ್ದೇನೆ. ಮೂಳೆ ಮುರಿದು ಕೀಲು ಹಾಕಿಸಿಕೊಂಡವರಿಗೆ, ಹಾಕಿದ್ದ ಕೀಲನ್ನೇ ಎರಡನೆಯ ಬಾರಿ ಬದಲಾಯಿಸಿಕೊಂಡವರಿಗೆ ನಿಯಮಗಳು ಬೇರೆಯಾಗಬಹುದು. ಇಲ್ಲಿಯ ಮಾತಿಗೂ ನಿಮ್ಮ ಶಸ್ತ್ರಚಿಕಿತ್ಸಕರ ಮಾತಿಗೂ ವ್ಯತ್ಯಾಸ ಕಂಡರೆ ಅವರ ಮಾತೇ ನಡೆಯಬೇಕು. ಒಳಗೆ ಏನು ಮಾಡಿದ್ದಾರೆಂಬುದು ಗೊತ್ತಿರುವುದು ಅವರಿಗೆ.

## ಮನೆಗೆ ಬಂದ ಮೊದಲ ದಿನಗಳು

ಆಪರೇಷನ್ ಆಗಿ ಐದೇ ದಿನ. ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಿದರೆ ಹೊಸ ಕೀಲು ಅಲುಗಾಡುವುದಿಲ್ಲವೇ?

ಹೆಚ್ಚಿನವರನ್ನು ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮರುದಿನವೇ ವಾಕರ್ ಹಿಡಿಸಿ, ಭಾರ ಹಾಕಿಸಿ ನಿಲ್ಲಿಸುತ್ತಾರೆ. ಸಿಮೆಂಟ್ ಬಳಸಿ ಕೂರಿಸಿದ ಕೀಲು ಅಂದೇ ಗಟ್ಟಿಯಾಗಿರುತ್ತದೆ. ಸಿಮೆಂಟ್ ಇಲ್ಲದ ಕೀಲನ್ನು ಮೂಳೆಯೊಳಗೆ ಬಿಗಿಯಾಗಿ ಬಡಿದು ಕೂರಿಸಿರುತ್ತಾರೆ. ಅದರ ಒರಟು ಮೈಗೆ ಮೂಳೆ ಬೆಳೆದು ಕಚ್ಚಿಕೊಳ್ಳಲು ಸುಮಾರು 6ರಿಂದ 12 ವಾರ ಬೇಕಾದರೂ ನಡೆಯಲು ಸಾಕಾಗುವಷ್ಟು ಹಿಡಿತ ಮೊದಲ ದಿನದಿಂದಲೇ ಇರುತ್ತದೆ. ಈ ವಾರಗಳಲ್ಲಿ ನಿಜಕ್ಕೂ ದುರ್ಬಲವಾಗಿರುವುದು ಕೀಲನ್ನು ತಲುಪಲು ಬಿಡಿಸಿ, ಸರಿಸಿ, ಮತ್ತೆ ಹೊಲಿದ ಸ್ನಾಯುಗಳು ಮತ್ತು ಕೀಲನ್ನು ಸುತ್ತುವರಿದ ಚೀಲದಂತಹ ಪೊರೆ. ಮುಂದೆ ಬರುವ ಬಹುಪಾಲು ನಿಯಮಗಳು ಕಾಯುತ್ತಿರುವುದು ಆ ಹೊಲಿಗೆಯನ್ನೇ. ನಿಮ್ಮ ಬಿಡುಗಡೆ ಚೀಟಿಯಲ್ಲಿ ‘ಅರ್ಧ ಭಾರ ಮಾತ್ರ’ ಎಂದು ಬರೆದಿದ್ದರೆ ಅದಕ್ಕೆ ನಿರ್ದಿಷ್ಟ ಕಾರಣವಿರುತ್ತದೆ, ಅದನ್ನು ಮೀರಬಾರದು.

ನನಗೆ ಬಗ್ಗಬೇಡಿ, ಕಾಲಮೇಲೆ ಕಾಲು ಹಾಕಬೇಡಿ ಎಂದಿದ್ದಾರೆ. ಪರಿಚಯದವರೊಬ್ಬರಿಗೆ ಯಾವ ನಿರ್ಬಂಧವೂ ಇರಲಿಲ್ಲವಂತೆ. ಯಾರ ಮಾತು ಸರಿ?

ಇಬ್ಬರದೂ ಸರಿಯಿರಬಹುದು. ಸೊಂಟದ ಕೀಲನ್ನು ಹಿಂದಿನಿಂದ, ಪಕ್ಕದಿಂದ ಅಥವಾ ಮುಂದಿನಿಂದ ತಲುಪಬಹುದು. ಯಾವ ಕಡೆಯಿಂದ ಒಳಹೊಕ್ಕರೋ ಆ ಕಡೆಯ ಗೋಡೆ ಕೆಲವು ವಾರ ಬಲ ಕಳೆದುಕೊಂಡಿರುತ್ತದೆ. ಹಿಂದಿನಿಂದ ಹೋದಾಗ ಮೂರು ಚಲನೆಗಳು ಅಪಾಯಕಾರಿ: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚುವುದು, ಕಾಲನ್ನು ದೇಹದ ನಡುಗೆರೆ ದಾಟಿಸುವುದು, ಮಂಡಿ ಮತ್ತು ಪಾದವನ್ನು ಒಳಕ್ಕೆ ತಿರುಗಿಸುವುದು. ಈ ಮೂರೂ ಒಟ್ಟಿಗೆ ನಡೆದರೆ ತೊಡೆಮೂಳೆಯ ತುದಿಗೆ ಕೂರಿಸಿದ ಚೆಂಡು, ಅದು ಆಡುವ ಬಟ್ಟಲಿನಿಂದ ಹಿಂದಕ್ಕೆ ಜಾರಬಹುದು. ಮುಂದಿನಿಂದ ಹೋದಾಗ ಎಚ್ಚರ ವಹಿಸಬೇಕಾದದ್ದು ಕಾಲನ್ನು ತೀರಾ ಹಿಂದಕ್ಕೆ ಚಾಚಿ ಪಾದವನ್ನು ಹೊರಕ್ಕೆ ತಿರುಗಿಸುವುದರಲ್ಲಿ. ದೊಡ್ಡ ಚೆಂಡು ಬಳಸಿದ್ದರೆ, ಪೊರೆಯನ್ನು ಚೆನ್ನಾಗಿ ಹೊಲಿದಿದ್ದರೆ ಕೆಲವು ಶಸ್ತ್ರಚಿಕಿತ್ಸಕರು ನಿರ್ಬಂಧಗಳನ್ನೇ ಹೇಳುವುದಿಲ್ಲ.

ನಿಯಮವನ್ನು ಬಾಯಿಪಾಠ ಮಾಡಿದವರೂ ಅದನ್ನು ಎಲ್ಲಿ ಮುರಿಯುತ್ತಾರೆಂಬುದನ್ನು ನೋಡಿ. ಕುರ್ಚಿಯಲ್ಲಿ ಕುಳಿತವರು ಕಾಲ ಬಳಿ ಬಿದ್ದ ಕನ್ನಡಕ ಎತ್ತಿಕೊಳ್ಳಲು ಬಗ್ಗುತ್ತಾರೆ. ಹಾಸಿಗೆಯಲ್ಲಿ ಕುಳಿತು ಪಾದದ ಬಳಿಯ ಹೊದಿಕೆಯನ್ನು ಎಳೆದುಕೊಳ್ಳುತ್ತಾರೆ. ನಿಂತಲ್ಲೇ ಪಾದವನ್ನು ನೆಲಕ್ಕೂರಿ, ಶಸ್ತ್ರಚಿಕಿತ್ಸೆಯಾದ ಕಡೆಗೆ ಮೈ ತಿರುಗಿಸಿ ಹಿಂದಿನ ಮೇಜಿನಿಂದ ಫೋನ್ ತೆಗೆದುಕೊಳ್ಳುತ್ತಾರೆ. ಪಾದ ಕದಲದೆ ಮೈ ಮಾತ್ರ ತಿರುಗಿದಾಗ ಕಾಲು ಒಳಕ್ಕೆ ತಿರುಗಿದಂತೆಯೇ ಆಗುತ್ತದೆ. ತಿರುಗಬೇಕಾದಾಗ ಸಣ್ಣ ಸಣ್ಣ ಹೆಜ್ಜೆಯಿಟ್ಟು ಪಾದಗಳನ್ನೂ ಜೊತೆಗೆ ತಿರುಗಿಸಬೇಕು. ಈ ಎಚ್ಚರ ಸಾಮಾನ್ಯವಾಗಿ 6ರಿಂದ 12 ವಾರ ಬೇಕಾಗುತ್ತದೆ. ನನ್ನ ಅನುಭವದಲ್ಲಿ ಮೊದಲ ವಾರಕ್ಕಿಂತ ನಾಲ್ಕನೆಯ ವಾರ ಹೆಚ್ಚು ಅಪಾಯದ್ದು: ಅಷ್ಟರಲ್ಲಿ ನೋವು ಹೋಗಿರುತ್ತದೆ, ಅದರ ಜೊತೆಗೆ ನೆನಪೂ ಹೋಗಿರುತ್ತದೆ.

ಮನೆಯಲ್ಲಿ ಏನೇನು ಬದಲಾಯಿಸಬೇಕು?

ಕುರ್ಚಿಯಿಂದ ಆರಂಭಿಸಿ. ಕುಳಿತಾಗ ಸೊಂಟವು ಮಂಡಿಗಿಂತ ತುಸು ಎತ್ತರದಲ್ಲಿರಬೇಕು, ಆಸನ ಗಟ್ಟಿಯಾಗಿರಬೇಕು, ಎರಡೂ ಕಡೆ ಕೈ ಊರಲು ಹಿಡಿಕೆಗಳಿರಬೇಕು. ಮೆತ್ತನೆಯ ಸೋಫಾ ನೋಡಲು ಹಿತವೆನಿಸಿದರೂ ಅದರಲ್ಲಿ ಹುದುಗಿ ಕುಳಿತವರು ಏಳುವಾಗ ಸೊಂಟವನ್ನು ಪೂರ್ತಿ ಮಡಚಲೇಬೇಕಾಗುತ್ತದೆ. ಕಮೋಡ್ ತಗ್ಗಾಗಿದ್ದರೆ ಅದರ ಮೇಲೆ ಕೂರಿಸುವ ಎತ್ತರದ ಸೀಟ್ ಬೇಕು, ಪಕ್ಕದ ಗೋಡೆಗೆ ಹಿಡಿಕೆ ಬೇಕು. ಟವೆಲ್ ತೂಗುಹಾಕುವ ಸರಳು ಮೈಭಾರ ತಡೆಯುವುದಿಲ್ಲ, ಅದನ್ನು ಹಿಡಿಕೆಯೆಂದು ನಂಬಬಾರದು. ಜಾರುವ ಕಾಲೊರೆಸು, ಮಡಚಿಕೊಂಡ ಚಾಪೆ, ನಡೆಯುವ ದಾರಿಯಲ್ಲಿನ ವೈರು ಇವೆಲ್ಲವನ್ನೂ ತೆಗೆಯಿರಿ. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ಮಂದ ದೀಪ ಉರಿಯಲಿ. ವಾಕರ್ ಹಿಡಿದವರಿಗೆ ಕೈ ಖಾಲಿಯಿರುವುದಿಲ್ಲ. ಫೋನ್, ನೀರಿನ ಬಾಟಲಿಗಾಗಿ ವಾಕರ್‌ಗೊಂದು ಚೀಲ ಕಟ್ಟಿದರೆ ದಿನಕ್ಕೆ ಹತ್ತು ಬಾರಿ ಬೇರೆಯವರನ್ನು ಕೂಗುವುದು ತಪ್ಪುತ್ತದೆ.

ರಾತ್ರಿ ನಿದ್ದೆಯೇ ಇಲ್ಲ. ಯಾವ ಮಗ್ಗುಲಲ್ಲಿ ಮಲಗಬಹುದು?

ಮೊದಲ ವಾರಗಳಲ್ಲಿ ಕಾಲುಗಳ ನಡುವೆ ದಿಂಬಿಟ್ಟು ಅಂಗಾತ ಮಲಗುವುದು ಸುರಕ್ಷಿತ. ಅನುಮತಿ ದೊರೆತ ಮೇಲೆ ಶಸ್ತ್ರಚಿಕಿತ್ಸೆಯಾಗದ ಮಗ್ಗುಲಿಗೆ ತಿರುಗಬಹುದು, ಆದರೆ ಮಂಡಿಯಿಂದ ಪಾದದವರೆಗೂ ದಪ್ಪ ದಿಂಬು ಇರಬೇಕು. ಮಂಡಿಗಷ್ಟೇ ದಿಂಬಿಟ್ಟು ಪಾದ ಕೆಳಗೆ ಜೋತುಬಿದ್ದರೆ ಸೊಂಟ ತಿರುಚಿಕೊಳ್ಳುತ್ತದೆ. ಗಾಯದ ಮಗ್ಗುಲಿಗೆ ಮಲಗುವುದು ಗಾಯ ಮಾಗಿ, ಅಲ್ಲಿ ನೋವು ಕಡಿಮೆಯಾದ ಮೇಲೆ. ನಿದ್ದೆಗೆಡುವುದು ಈ ಶಸ್ತ್ರಚಿಕಿತ್ಸೆಯ ನಂತರ ತೀರಾ ಸಾಮಾನ್ಯ. ಹಗಲಿನ ನಿದ್ದೆ ಕಡಿಮೆ ಮಾಡುವುದು ಮತ್ತು ವೈದ್ಯರು ಒಪ್ಪಿದರೆ ನೋವಿನ ಮಾತ್ರೆಯ ಕೊನೆಯ ಹೊತ್ತನ್ನು ಮಲಗುವ ವೇಳೆಗೆ ಹೊಂದಿಸಿಕೊಳ್ಳುವುದು ಹಲವರಿಗೆ ನೆರವಾಗುತ್ತದೆ.

ನೋವು ತಡೆದುಕೊಳ್ಳಬಲ್ಲೆ. ಮಾತ್ರೆ ನುಂಗಲೇಬೇಕೇ?

ನೋವನ್ನು ಸಹಿಸಿದ್ದಕ್ಕೆ ಯಾವ ಬಹುಮಾನವೂ ಇಲ್ಲ. ನೋವಿದ್ದರೆ ನಡೆಯುವುದಿಲ್ಲ, ನಡೆಯದಿದ್ದರೆ ಸ್ನಾಯು ಸೊರಗುತ್ತದೆ, ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಆದ್ದರಿಂದ ಮೊದಲ ಒಂದೆರಡು ವಾರ ಹೇಳಿದ ಹೊತ್ತಿಗೆ ಮಾತ್ರೆ ತೆಗೆದುಕೊಂಡು, ವ್ಯಾಯಾಮಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಒಂದು ಹೊತ್ತು ಬರುವಂತೆ ಹೊಂದಿಸಿಕೊಳ್ಳುವುದು ಜಾಣತನ. ಪ್ಯಾರಾಸಿಟಮಾಲ್ ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4,000 ಮಿಲಿಗ್ರಾಂ ಮೀರಬಾರದು. ತೂಕ ಕಡಿಮೆಯಿರುವವರಿಗೆ, ಯಕೃತ್ತಿನ ತೊಂದರೆಯಿರುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿಯ ಮಾತ್ರೆಗಳಲ್ಲಿಯೂ ಅದೇ ಔಷಧಿ ಇರುವುದುಂಟು ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ರಕ್ತ ತೆಳುವಾಗಿಸುವ ಔಷಧಿಯ ಜೊತೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನುಂಗಿದರೆ ರಕ್ತಸ್ರಾವದ ಅಪಾಯವಿದೆ. ಟ್ರಮಡಾಲ್‌ನಂತಹ ತೀವ್ರ ಮಾತ್ರೆಗಳು ತಲೆಸುತ್ತನ್ನೂ ಮಲಬದ್ಧತೆಯನ್ನೂ ತರುತ್ತವೆ. ಅವು ಇರುವಷ್ಟು ದಿನ ನೀರು, ನಾರಿನಂಶದ ಆಹಾರ ಹೆಚ್ಚಿರಲಿ, ಬೇಕಾದರೆ ಮಲ ಸಡಿಲಿಸುವ ಔಷಧಿಯನ್ನು ಕೇಳಿ ಪಡೆಯಿರಿ.

ತೊಡೆ ಕಪ್ಪುಗಟ್ಟಿದೆ, ಈಗ ಮಂಡಿಯ ಕೆಳಗೂ ನೀಲಿಯಾಗುತ್ತಿದೆ. ಗಾಬರಿಯಾಗಬೇಕೇ?

ಶಸ್ತ್ರಚಿಕಿತ್ಸೆಯ ವೇಳೆ ಸುತ್ತಲಿನ ಅಂಗಾಂಶದಲ್ಲಿ ಉಳಿದ ರಕ್ತ ಭೂಮಿಯ ಸೆಳೆತಕ್ಕೆ ಕೆಳಕ್ಕೆ ಇಳಿಯುತ್ತದೆ. ನೀಲಿ ಬಣ್ಣ ಪಾದದವರೆಗೆ ಬಂದು, ಹಸಿರು, ಹಳದಿಯಾಗಿ ಕೆಲವು ವಾರಗಳಲ್ಲಿ ಮಾಯುತ್ತದೆ. ಊತವು ಸಂಜೆಗೆ ಹೆಚ್ಚಾಗಿ ಬೆಳಿಗ್ಗೆಗೆ ಇಳಿಯುವುದು ಸಹಜ, ಅದು ತಿಂಗಳುಗಟ್ಟಲೆ ಉಳಿಯಲೂಬಹುದು. ದಿನಕ್ಕೆ ಎರಡು ಮೂರು ಬಾರಿ ಮಲಗಿ ಕಾಲನ್ನು ಹೃದಯದ ಮಟ್ಟಕ್ಕಿಂತ ಎತ್ತರಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಿ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವುದೇ ಊತಕ್ಕೆ ದೊಡ್ಡ ಕಾರಣ. ರಾತ್ರಿ ಕಳೆದರೂ ಇಳಿಯದ, ದಿನದಿಂದ ದಿನಕ್ಕೆ ಏರುವ ಊತವನ್ನು ಮಾತ್ರ ವೈದ್ಯರಿಗೆ ತೋರಿಸಬೇಕು.

ಸ್ನಾನ ಯಾವಾಗ? ಹೊಲಿಗೆ ಯಾವಾಗ ಬಿಚ್ಚುತ್ತಾರೆ?

ಹೊರಗಿನ ಹೊಲಿಗೆ ಅಥವಾ ಪಿನ್‌ಗಳನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯುತ್ತಾರೆ. ನೀರು ತಾಗದಂತಹ ಡ್ರೆಸಿಂಗ್ ಹಾಕಿದ್ದರೆ ಅದಕ್ಕೂ ಮೊದಲೇ ಎತ್ತರದ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಲು ಹೇಳುವುದುಂಟು. ಟಬ್ಬು, ಈಜುಕೊಳಗಳಲ್ಲಿ ಗಾಯ ಮುಳುಗಿಸುವುದು ಅದು ಪೂರ್ತಿ ಮಾಗುವವರೆಗೆ, ಅಂದರೆ ಕಡಿಮೆಯೆಂದರೂ 4ರಿಂದ 6 ವಾರ, ಬೇಡ. ಗಾಯದ ಮೇಲೆ ಪುಡಿ, ಎಣ್ಣೆ, ಲೇಪ ಯಾವುದನ್ನೂ ಹಚ್ಚಬಾರದು.

## ತಡಮಾಡದೆ ಗಮನಿಸಬೇಕಾದವು

ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಯನ್ನು ಓಡಾಡಲು ಶುರುಮಾಡಿದ ಮೇಲೆ ನಿಲ್ಲಿಸಬಹುದೇ?

ನಿಲ್ಲಿಸಬಾರದು. ಕಾಲಿನ ಆಳದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವು ಆಸ್ಪತ್ರೆಯಿಂದ ಹೊರಬಂದ ಮೇಲೂ ವಾರಗಟ್ಟಲೆ ಇರುವುದರಿಂದಲೇ ಆಸ್ಪಿರಿನ್, ರಿವರೊಕ್ಸಬಾನ್, ಅಪಿಕ್ಸಬಾನ್ ಅಥವಾ ಹೆಪಾರಿನ್ ಚುಚ್ಚುಮದ್ದನ್ನು ಹಲವು ಬಾರಿ ನಾಲ್ಕೈದು ವಾರಗಳವರೆಗೆ ಬರೆದಿರುತ್ತಾರೆ. ಜೊತೆಗೆ, ಎಚ್ಚರವಾಗಿರುವಾಗ ಪ್ರತಿ ಗಂಟೆಗೆ ಹತ್ತಿಪ್ಪತ್ತು ಬಾರಿ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ. ಮೀನಖಂಡದ ಸ್ನಾಯು ಹಿಂಡಿದಾಗಲೆಲ್ಲ ರಕ್ತ ಮೇಲಕ್ಕೆ ದೂಡಲ್ಪಡುತ್ತದೆ. ಮೀನಖಂಡದಲ್ಲಿ ಹೊಸ ನೋವು, ಬಿಸಿ, ಕೆಂಪು, ಒಂದೇ ಕಾಲಿನಲ್ಲಿ ಹಠಾತ್ತನೆ ಹೆಚ್ಚಿದ ಊತ ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಏಕಾಏಕಿ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ಆಂಬ್ಯುಲೆನ್ಸ್ ಕರೆಯಬೇಕು.

ಗಾಯದಿಂದ ನೀರಿನಂತೆ ಸೋರುತ್ತಿದೆ. ಹಿಂದೆ ಉಳಿದಿದ್ದ ಆ್ಯಂಟಿಬಯಾಟಿಕ್ ಶುರುಮಾಡಲೇ?

ದಯವಿಟ್ಟು ಮಾಡಬೇಡಿ. ಮೊದಲ ಕೆಲವು ದಿನ ತುಸು ಜಿನುಗುವುದು ಸಾಮಾನ್ಯ. ಆದರೆ ಐದಾರು ದಿನ ಕಳೆದರೂ ಸೋರಿಕೆ ನಿಲ್ಲದಿದ್ದರೆ, ನಿಂತದ್ದು ಮತ್ತೆ ಶುರುವಾದರೆ, ಕೀವು ಅಥವಾ ವಾಸನೆ ಇದ್ದರೆ, ಗಾಯದ ಸುತ್ತಲಿನ ಕೆಂಪು ಹರಡುತ್ತಿದ್ದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿ ಉಳಿದರೆ ಶಸ್ತ್ರಚಿಕಿತ್ಸೆ ಮಾಡಿದವರಿಗೇ ತೋರಿಸಬೇಕು. ಕೃತಕ ಕೀಲಿನ ಮೈಯಲ್ಲಿ ರೋಗಾಣುಗಳು ನೆಲೆಯೂರಿದರೆ ಔಷಧಿಗೆ ಅವು ಸುಲಭವಾಗಿ ಸಿಗುವುದಿಲ್ಲ; ಪರೀಕ್ಷೆಗೆ ಮೊದಲೇ ಅರೆಬರೆ ಮಾತ್ರೆ ನುಂಗಿದರೆ ಯಾವ ರೋಗಾಣು ಎಂಬುದೂ ತಿಳಿಯದೆ ಹೋಗಬಹುದು. ಮೊದಲ ವಾರಗಳಲ್ಲೇ ಪತ್ತೆಯಾದ ಸೋಂಕಿಗೆ, ಹಾಕಿದ ಕೀಲನ್ನು ಉಳಿಸಿಕೊಂಡೇ ತೊಳೆದು ಚಿಕಿತ್ಸೆ ಮಾಡುವ ಅವಕಾಶ ಹೆಚ್ಚು.

ಕೀಲು ಜಾರಿದರೆ ನನಗೆ ಗೊತ್ತಾಗುತ್ತದೆಯೇ?

ಗೊತ್ತಾಗದೆ ಇರಲು ಸಾಧ್ಯವಿಲ್ಲ. ತೀವ್ರ ನೋವು ಒಮ್ಮೆಲೇ ಬರುತ್ತದೆ, ಕಾಲು ಗಿಡ್ಡವಾಗಿ, ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುತ್ತದೆ, ಹೆಜ್ಜೆ ಊರಲಾಗುವುದಿಲ್ಲ. ಮನೆಯವರು ಎಳೆದು ಸರಿಪಡಿಸಲು ಹೋಗಬಾರದು. ಇದ್ದ ಸ್ಥಿತಿಯಲ್ಲೇ ದಿಂಬಿನ ಆಸರೆ ಕೊಟ್ಟು, ತಿನ್ನಲು ಕುಡಿಯಲು ಏನೂ ಕೊಡದೆ ಆಂಬ್ಯುಲೆನ್ಸ್ ಕರೆಯಿರಿ. ಕೀಲನ್ನು ಮತ್ತೆ ಕೂರಿಸಲು ಅರಿವಳಿಕೆ ಬೇಕಾಗಬಹುದು.

## ನಡಿಗೆ ಮತ್ತು ವ್ಯಾಯಾಮ

ದಿನಕ್ಕೆ ಎಷ್ಟು ನಡೆಯಬೇಕು? ವ್ಯಾಯಾಮ ಹೆಚ್ಚು ಮಾಡಿದರೆ ಬೇಗ ಗುಣವಾಗುತ್ತದೆಯೇ?

ಒಮ್ಮೆಗೆ ಒಂದು ಗಂಟೆ ನಡೆಯುವುದಕ್ಕಿಂತ 5ರಿಂದ 10 ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಬಾರಿ ನಡೆಯುವುದು ಮೇಲು; ವಾರ ಕಳೆದಂತೆ ಅದನ್ನು 20, 30 ನಿಮಿಷಕ್ಕೆ ಏರಿಸಬಹುದು. ತೊಡೆಯ ಮುಂಭಾಗ ಮತ್ತು ಪೃಷ್ಠದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು, ಮಲಗಿ ಹಿಮ್ಮಡಿಯನ್ನು ಮೆಲ್ಲನೆ ಹತ್ತಿರಕ್ಕೆ ಜಾರಿಸುವುದು, ಗಟ್ಟಿಯಾದ ಮೇಜು ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು ಇವು ಸಾಮಾನ್ಯ ಪಟ್ಟಿಯಲ್ಲಿರುತ್ತವೆ; ತಲಾ ಹತ್ತರಂತೆ ದಿನಕ್ಕೆ ಎರಡು ಮೂರು ಬಾರಿ ಸಾಕು. ಪಕ್ಕಕ್ಕೆ ಎತ್ತುವಾಗ ಮೈ ಎದುರು ಬದಿಗೆ ವಾಲಿದರೆ ಕೆಲಸ ಮಾಡಿದ್ದು ಬೆನ್ನು, ಸೊಂಟವಲ್ಲ. ಅತಿಯಾಯಿತೇ ಎಂದು ತಿಳಿಯಲು ಮರುದಿನವನ್ನು ಕೇಳಿ: ಮಾಡಿದ ಸಂಜೆ ನೋವಾಗಿ ಬೆಳಿಗ್ಗೆಗೆ ಇಳಿದಿದ್ದರೆ ಸರಿಯಾಗಿದೆ, ಬೆಳಿಗ್ಗೆಯೂ ನೋವು ಊತಗಳು ಹೆಚ್ಚೇ ಇದ್ದರೆ ಒಂದು ಮೆಟ್ಟಿಲು ಹಿಂದೆ ಸರಿಯಬೇಕು.

ಕೋಲನ್ನು ನೋವಿರುವ ಕಡೆಯ ಕೈಯಲ್ಲೇ ಹಿಡಿಯಬೇಕಲ್ಲವೇ?

ಎಲ್ಲರಿಗೂ ಹಾಗೆಯೇ ತೋರುತ್ತದೆ, ಆದರೆ ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ಒಂದು ಕಾಲಿನ ಮೇಲೆ ನಿಂತಾಗ ಸೊಂಟದ ಎದುರು ಬದಿ ಕುಸಿಯದಂತೆ ಹಿಡಿಯುವುದು ಊರಿದ ಕಾಲಿನ ಪಕ್ಕದ ಸ್ನಾಯು. ಅದು ಕೀಲಿಗೆ ತೀರಾ ಸಮೀಪವಿರುವುದರಿಂದ ಮೈತೂಕಕ್ಕಿಂತ ಬಹಳ ಹೆಚ್ಚು ಬಲದಿಂದ ಎಳೆಯಬೇಕಾಗುತ್ತದೆ. ಎದುರು ಕೈಯ ಕೋಲು ಕೀಲಿನಿಂದ ದೂರವಿರುವ ಕಾರಣ ಅಲ್ಲಿ ಊರಿದ ಸ್ವಲ್ಪ ಭಾರವೇ ಈ ಸ್ನಾಯುವಿನ ಕೆಲಸವನ್ನು ಬಹುವಾಗಿ ಇಳಿಸುತ್ತದೆ. ಬಲ ಸೊಂಟವಾದರೆ ಎಡಗೈ; ಬಲಗಾಲೂ ಕೋಲೂ ಒಟ್ಟಿಗೆ ಮುಂದೆ ಹೋಗಲಿ. ನೇರವಾಗಿ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟದಲ್ಲಿರಬೇಕು. ವಾಕರ್, ಕೋಲುಗಳನ್ನು ಬಿಡಲು ಕ್ಯಾಲೆಂಡರ್ ನೋಡಬೇಡಿ. ಕುಂಟದೆ ನಡೆಯಬಲ್ಲಿರಾ ಎಂಬುದನ್ನು ನೋಡಿ. ಕೋಲು ಬಿಟ್ಟು ಕುಂಟುವವರಿಗಿಂತ ಕೋಲು ಹಿಡಿದು ನೆಟ್ಟಗೆ ನಡೆಯುವವರು ಮುಂದಿದ್ದಾರೆ ಎಂದೇ ನಾನು ಹೇಳುವುದು, ಏಕೆಂದರೆ ಕುಂಟು ಒಮ್ಮೆ ರೂಢಿಯಾದರೆ ಬಿಡಿಸಲು ತಿಂಗಳುಗಳೇ ಬೇಕು.

ಮೆಟ್ಟಿಲು ಹೇಗೆ ಹತ್ತುವುದು?

ಹತ್ತುವಾಗ ಗಟ್ಟಿ ಕಾಲು ಮುಂದು, ಇಳಿಯುವಾಗ ನೊಂದ ಕಾಲು ಮುಂದು. ಹತ್ತುವಾಗ ಗಟ್ಟಿ ಕಾಲನ್ನು ಮೇಲಿಟ್ಟು ಮೈಯನ್ನು ಎತ್ತಿಕೊಂಡ ಮೇಲೆ ಶಸ್ತ್ರಚಿಕಿತ್ಸೆಯಾದ ಕಾಲು ಮತ್ತು ಕೋಲು ಅದೇ ಮೆಟ್ಟಿಲಿಗೆ ಬರಬೇಕು. ಇಳಿಯುವಾಗ ಕೋಲು ಮತ್ತು ಆ ಕಾಲು ಮೊದಲು ಇಳಿಯಬೇಕು. ಒಂದು ಕೈ ಸದಾ ಕಟಕಟೆಯ ಮೇಲಿರಲಿ. ಸಹಾಯಕ್ಕೆ ಬರುವವರು ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ, ಅಂದರೆ ಸದಾ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಬೇಕು.

ಪ್ಯಾಂಟು, ಕಾಲುಚೀಲ ಹಾಕಿಕೊಳ್ಳುವುದೇ ದೊಡ್ಡ ಸಾಹಸವಾಗಿದೆ.

ಹಾಕುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಉದ್ದ ಹಿಡಿಯ ಚಿಮಟ, ಉದ್ದನೆಯ ಶೂ ಹಾರ್ನ್ ಇದ್ದರೆ ಬಗ್ಗುವ ಅಗತ್ಯವೇ ಬರುವುದಿಲ್ಲ. ಕಾಲುಗುರು ಕತ್ತರಿಸುವ ಕೆಲಸವನ್ನು ಈ ವಾರಗಳಲ್ಲಿ ಸಂಕೋಚಪಡದೆ ಬೇರೆಯವರಿಗೆ ಬಿಡಿ.

ಆಪರೇಷನ್ ಆದ ಕಾಲು ಉದ್ದವಾಗಿದೆ ಎನಿಸುತ್ತಿದೆ. ಏನೋ ತಪ್ಪಾಗಿದೆಯೇ?

ವರ್ಷಗಟ್ಟಲೆ ನೋವಿನಿಂದ ಕುಂಟಿದವರಲ್ಲಿ ಸೊಂಟದ ಸುತ್ತಲಿನ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ಸೊಂಟದ ಕಟ್ಟು ಒಂದು ಕಡೆಗೆ ವಾಲಿರುತ್ತದೆ. ಸವೆದು ಗಿಡ್ಡವಾಗಿದ್ದ ಕಾಲು ಹಳೆಯ ಉದ್ದಕ್ಕೆ ಮರಳಿದಾಗ ಆ ಬಿಗಿದ ಸ್ನಾಯುಗಳಿಗೆ ಅದು ಹೆಚ್ಚೆನಿಸುತ್ತದೆ. ಹೆಚ್ಚಿನವರಲ್ಲಿ ಈ ಭಾವನೆ ಕೆಲವು ತಿಂಗಳುಗಳಲ್ಲಿ ಕರಗುತ್ತದೆ. ಅವಸರದಿಂದ ಇನ್ನೊಂದು ಪಾದರಕ್ಷೆಗೆ ಎತ್ತರದ ಅಟ್ಟೆ ಹಾಕಿಸಿದರೆ ವಾಲಿದ ಸೊಂಟ ವಾಲಿದಂತೆಯೇ ಉಳಿಯಬಹುದು. ನಿಜವಾದ ವ್ಯತ್ಯಾಸ ಉಳಿದಿದೆಯೇ ಎಂಬುದನ್ನು ಮರುಭೇಟಿಯಲ್ಲಿ ಅಳೆಸಿ ನೋಡಿ.

ಎಲ್ಲ ಸರಿಯಾಗಿಯೇ ನಡೆದಿದೆ ಎನ್ನುತ್ತಾರೆ. ಆದರೂ ಸುಸ್ತು, ಸುಮ್ಮಸುಮ್ಮನೆ ಅಳು ಬರುತ್ತದೆ.

ರಕ್ತ ಕಳೆದುಕೊಂಡಿರುವುದು, ನಿದ್ದೆಗೆಟ್ಟಿರುವುದು, ತೀವ್ರ ಮಾತ್ರೆಗಳು, ಸಣ್ಣ ಕೆಲಸಕ್ಕೂ ಇನ್ನೊಬ್ಬರನ್ನು ಕಾಯಬೇಕಾದ ಸ್ಥಿತಿ ಎಲ್ಲವೂ ಸೇರಿ ಹೀಗಾಗುತ್ತದೆ. ಎರಡು ಮೂರು ವಾರವಾದರೂ ಏಳುವಾಗ ತಲೆ ತಿರುಗುತ್ತಿದ್ದರೆ, ಮೆಲ್ಲನೆ ನಡೆದರೂ ಏದುಸಿರು ಬರುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ದುಗುಡ ದಿನದಿಂದ ದಿನಕ್ಕೆ ಗಾಢವಾದರೆ ಅದನ್ನೂ ಗಾಯದಷ್ಟೇ ಸಹಜವಾಗಿ ವೈದ್ಯರಿಗೆ ಹೇಳಿ.

## ಮೊದಲಿನ ದಿನಚರಿಗೆ ಮರಳುವಾಗ

ಕಾರಿನಲ್ಲಿ ಕೂರುವುದು ಹೇಗೆ? ಓಡಿಸುವುದು ಯಾವಾಗ?

ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ತುಸು ಒರಗಿಸಿ, ತಗ್ಗಾಗಿದ್ದರೆ ಗಟ್ಟಿ ದಿಂಬು ಹಾಕಿ. ಬೆನ್ನು ಸೀಟಿನ ಕಡೆಗಿರುವಂತೆ ನಿಂತು, ನೊಂದ ಕಾಲನ್ನು ಮುಂದೆ ಚಾಚಿ ಮೊದಲು ಕುಳಿತುಕೊಳ್ಳಿ. ನಂತರ ಮೈ ಮತ್ತು ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿ. ಸೀಟಿನ ಮೇಲೊಂದು ಪ್ಲಾಸ್ಟಿಕ್ ಚೀಲ ಹಾಸಿದರೆ ಬಟ್ಟೆ ಹಿಡಿಯದೆ ಮೈ ಸಲೀಸಾಗಿ ಜಾರುತ್ತದೆ. ಹೊರಡುವ ಮೊದಲು ಅದನ್ನು ತೆಗೆಯಿರಿ. ಓಡಿಸಲು ಸಾಮಾನ್ಯವಾಗಿ 6 ವಾರಗಳ ಆಸುಪಾಸಿನಲ್ಲಿ ಅನುಮತಿ ಸಿಗುತ್ತದೆ. ತೀವ್ರ ನೋವಿನ ಮಾತ್ರೆ ನಿಂತಿರಬೇಕು, ಹಠಾತ್ತಾಗಿ ಬ್ರೇಕ್ ಒತ್ತುವಷ್ಟು ಬಲವೂ ಚುರುಕೂ ಬಂದಿರಬೇಕು.

ಕೆಲಸಕ್ಕೆ ಯಾವಾಗ ಹೋಗಬಹುದು?

ಕುಳಿತು ಮಾಡುವ ಕೆಲಸಕ್ಕೆ 4ರಿಂದ 6 ವಾರ. ನಿಂತೇ ಇರುವ, ಭಾರ ಎತ್ತುವ ಕೆಲಸಕ್ಕೆ ಸುಮಾರು 3 ತಿಂಗಳು ಅಥವಾ ಹೆಚ್ಚು. ಕುಳಿತು ಮಾಡುವವರು ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು.

ಕೇಳಲು ಮುಜುಗರ. ದಾಂಪತ್ಯ ಜೀವನಕ್ಕೆ ಎಷ್ಟು ಕಾಯಬೇಕು?

ಮುಜುಗರಪಟ್ಟು ಕೇಳದೆ ಹೋಗುವವರೇ ಹೆಚ್ಚು, ಹೇಳದೆ ಬಿಡುವ ವೈದ್ಯರೂ ಇದ್ದಾರೆ. ಸಾಮಾನ್ಯವಾಗಿ 6ರಿಂದ 8 ವಾರಗಳ ನಂತರ ತೊಂದರೆಯಿಲ್ಲ. ಶಸ್ತ್ರಚಿಕಿತ್ಸೆಯಾದವರು ಅಂಗಾತ ಮಲಗಿ ಕೆಳಗಿರುವ ಭಂಗಿ ಆರಂಭಕ್ಕೆ ಸುರಕ್ಷಿತ. ಮಡಚುವ, ತಿರುಚುವ ವಿಷಯದಲ್ಲಿ ಹಗಲಿನ ನಿಯಮಗಳೇ ಇಲ್ಲಿಯೂ ಅನ್ವಯಿಸುತ್ತವೆ.

ಇನ್ನು ಮುಂದೆ ನೆಲದ ಮೇಲೆ ಕೂರುವಂತೆಯೇ ಇಲ್ಲವೇ?

ಮೊದಲ 3 ತಿಂಗಳು ಬೇಡ. ಆಮೇಲೆ ಮಂಡಿಯೂರಿ ನೆಲಕ್ಕಿಳಿದು ಏಳುವುದನ್ನು ಹಲವರು ಕಲಿಯುತ್ತಾರೆ. ಕುಕ್ಕರಗಾಲಿನಲ್ಲಿ ಕೂರುವುದು ಸೊಂಟವನ್ನು ಅದರ ಕೊನೆಯ ಮಿತಿಯವರೆಗೆ ಮಡಚುತ್ತದೆ. ಅದಕ್ಕೆ ಅನುಮತಿ ನಿಮ್ಮ ಕೀಲಿನ ಅಳತೆ, ಕೂರಿಸಿದ ಕೋನ, ತಲುಪಿದ ದಾರಿ ಬಲ್ಲವರಿಂದಲೇ ಬರಬೇಕು.

ವಿಮಾನ ಪ್ರಯಾಣ, ಎಂ.ಆರ್.ಐ., ಹಲ್ಲಿನ ಚಿಕಿತ್ಸೆ: ಇವುಗಳಿಗೆ ಅಡ್ಡಿಯಿದೆಯೇ?

ದೀರ್ಘ ವಿಮಾನಯಾನವನ್ನು ರಕ್ತ ಹೆಪ್ಪುಗಟ್ಟುವ ಭಯದಿಂದ ಮೊದಲ 6 ವಾರ, ಕೆಲವೊಮ್ಮೆ 3 ತಿಂಗಳು ಮುಂದೂಡಲು ಹೇಳುತ್ತಾರೆ. ಭದ್ರತಾ ತಪಾಸಣೆಯ ಯಂತ್ರ ಸದ್ದು ಮಾಡಬಹುದು. ಮೊದಲೇ ತಿಳಿಸಿದರೆ ಸಾಕು. ಇಂದಿನ ಬಹುಪಾಲು ಕೀಲುಗಳಿದ್ದೂ ಎಂ.ಆರ್.ಐ. ಮಾಡಬಹುದು, ಆದರೆ ಕೀಲಿನ ವಿವರದ ಚೀಟಿಯನ್ನು ತೋರಿಸಬೇಕು. ತುರ್ತಲ್ಲದ ಹಲ್ಲಿನ ಕೆಲಸವನ್ನು ಸಾಮಾನ್ಯವಾಗಿ 3 ತಿಂಗಳು ಮುಂದೂಡುತ್ತಾರೆ. ಹಲ್ಲಿನಲ್ಲಿ ಕೀವಾಗಿದ್ದರೆ ಮಾತ್ರ ಮುಂದೂಡದೆ, ಇಬ್ಬರೂ ವೈದ್ಯರಿಗೆ ತಿಳಿಸಿ ಚಿಕಿತ್ಸೆ ಮಾಡಿಸಿಕೊಳ್ಳಬೇಕು.

ಇಷ್ಟೆಲ್ಲ ಪಟ್ಟ ಮೇಲೆ ಈ ಕೀಲು ಎಷ್ಟು ವರ್ಷ ಬಾಳುತ್ತದೆ?

ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ. 58ರಷ್ಟು ಸೊಂಟದ ಕೀಲುಗಳು 25 ವರ್ಷ ಬಾಳಿವೆ. 25 ವರ್ಷ ಕಳೆದ ಕೀಲುಗಳೆಂದರೆ ಬಟ್ಟಲಿನ ಒಳಮೈಗೆ ಹಳೆಯ ಬಗೆಯ ಪ್ಲಾಸ್ಟಿಕ್ ಬಳಸಿದವು. ಸುಮಾರು 2000ದಿಂದೀಚೆಗೆ ಬಳಕೆಗೆ ಬಂದ ಪ್ಲಾಸ್ಟಿಕ್ ಅದಕ್ಕಿಂತ ಬಹಳ ನಿಧಾನವಾಗಿ ಸವೆಯುತ್ತದೆ. ನಡಿಗೆ, ಈಜು, ಸೈಕಲ್ ಸವಾರಿಗಳಿಗೆ ಹೆದರಬೇಕಿಲ್ಲ. ಪದೇ ಪದೇ ಜಿಗಿಯುವ ಆಟಗಳ ಬಗ್ಗೆ ಕೇಳಿ ನಿರ್ಧರಿಸಿ. ನೋವಿಲ್ಲವೆಂದು ಮರುಭೇಟಿ ತಪ್ಪಿಸಬೇಡಿ, ಏಕೆಂದರೆ ಸವೆತ ಮತ್ತು ಸಡಿಲಿಕೆ ನೋವಿಗೆ ಮೊದಲೇ ಎಕ್ಸ್-ರೇಯಲ್ಲಿ ಕಾಣಿಸಿಕೊಳ್ಳುವುದುಂಟು. ವರ್ಷಗಟ್ಟಲೆ ಸುಮ್ಮನಿದ್ದ ಸೊಂಟದಲ್ಲಿ, ವಿಶೇಷವಾಗಿ ತೊಡೆಸಂದಿಯಲ್ಲಿ ಅಥವಾ ತೊಡೆಯ ಮಧ್ಯದಲ್ಲಿ, ಹೊಸದಾಗಿ ನೋವು ಶುರುವಾದರೆ ಅದನ್ನು ವಯಸ್ಸಿನ ತಲೆಗೆ ಕಟ್ಟದೆ ಎಕ್ಸ್-ರೇ ತೆಗೆಸಿ.